ನೆಗ್ಗಿನಮುಳ್ಳಿನ ಕಷಾಯ ಕುಡಿದರೆ ಕಿಡ್ನಿ ಸರಿಹೋಗುತ್ತದೆಯೇ?

ಪ್ರಶ್ನೆ: ಅಪ್ಪನ ಕ್ರಿಯಾಟಿನಿನ್ 2.8 ಇದೆ. ನೆಗ್ಗಿನಮುಳ್ಳಿನ ಕಷಾಯ ಕುಡಿಸಿ ಇಂಗ್ಲಿಷ್ ಮಾತ್ರೆ ಬಿಡಿಸಬಹುದೇ?
– ಓದುಗರು, ಮಾನ್ವಿ

ಉತ್ತರ: ಬಿಡಿಸಬೇಡಿ. ದೇವದುರ್ಗ, ಮಾನ್ವಿಯ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿನಮುಳ್ಳೇ ಆಯುರ್ವೇದದ ಗೋಕ್ಷುರ. ನೆಲಕ್ಕೆ ಹರಡುವ ಕೊಮ್ಮೆ ಎಂದರೆ ಪುನರ್ನವ. ಮೂತ್ರ ಸಲೀಸಾಗಲೆಂದು ಇವೆರಡನ್ನೂ ಹಿಂದಿನಿಂದ ಬಳಸುತ್ತ ಬಂದಿದ್ದಾರೆ. ಆದರೆ ಮೂತ್ರ ಹೋಗುವುದು ಬೇರೆ, ಕಿಡ್ನಿ ರಕ್ತ ಸೋಸುವುದು ಬೇರೆ. ಬಹುಕಾಲದ ಕಾಯಿಲೆಯಲ್ಲಿ ಹಾಳಾದ ಸೋಸುಭಾಗ ಮತ್ತೆ ಚಿಗುರುವುದಿಲ್ಲ. ಉಳಿದದ್ದನ್ನು ಕಾಯಬಹುದು, ಅದಕ್ಕೆ ಬಿಪಿ, ಶುಗರ್ ಹತೋಟಿಯಲ್ಲಿರಬೇಕು, ಉಪ್ಪಿನಕಾಯಿ ಹಿಂದೆ ಸರಿಯಬೇಕು.

ಕೊಮ್ಮೆಯಲ್ಲಿ ಪೊಟ್ಯಾಸಿಯಂ ಇದೆ. ಸೋತ ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತವೇ ತಪ್ಪೀತು. ಇದೇ ಕಾರಣಕ್ಕೆ ಪುಂಡಿಪಲ್ಯ ಎಷ್ಟು ತಿನ್ನಬೇಕೆಂದೂ ವೈದ್ಯರನ್ನೇ ಕೇಳಿ.

'ಗಿಡಮೂಲಿಕೆ ತಾನೇ, ಏನಾಗುತ್ತದೆ' ಎನ್ನುವವರಿಗೆ ಒಂದು ಮಾತು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ನುಂಗಿದ ಹಲವು ಮಹಿಳೆಯರ ಕಿಡ್ನಿಯೇ ಹೋಯಿತು. ಕಾರಣ ಅರಿಸ್ಟೊಲೋಕಿಕ್ ಆಮ್ಲ. ನಮ್ಮ ಈಶ್ವರಿ ಬಳ್ಳಿಯೂ ಆ ಆಮ್ಲವಿರುವ ಗಿಡಗಳ ಕುಲದ್ದೇ. ಹಾಗೆಂದು ತಪ್ಪೆಲ್ಲ ಮೂಲಿಕೆಯ ತಲೆಗೆ ಕಟ್ಟುವಂತಿಲ್ಲ. ಮೊಣಕಾಲು ನೋವಿಗೆ ಚೀಟಿಯಿಲ್ಲದೆ ತಂದು ನುಂಗುವ ಡೈಕ್ಲೋಫೆನಾಕ್ ಕೂಡ ಕಿಡ್ನಿಗೆ ಪೆಟ್ಟು ಕೊಡುತ್ತದೆ.

ಆಯುರ್ವೇದವೂ ಬೇಕೆಂದರೆ ಪದವಿ ಪಡೆದ ವೈದ್ಯರ ಬಳಿಗೇ ಹೋಗಿ, ಇಬ್ಬರ ಚೀಟಿಯನ್ನೂ ಇಬ್ಬರಿಗೂ ತೋರಿಸಿ. ಹೆಸರಿಲ್ಲದ ಪೊಟ್ಟಣದ ಪುಡಿ, ಭಸ್ಮ ಬೇಡವೇ ಬೇಡ. ಮುಂದಿನ ಸಲ ರಾಯಚೂರಿನ ರಿಮ್ಸ್‌ಗೆ ಹೋಗುವಾಗ ಹಳೆಯ ರಿಪೋರ್ಟುಗಳ ಜತೆ ಆ ಕಷಾಯದ ಪುಡಿಯನ್ನೂ ಚೀಲದಲ್ಲಿ ಒಯ್ಯಿರಿ.