ಕೋಣನಕುಂಟೆ: ಲಂಕೆಯ ಯುದ್ಧ ಕನಕಪುರ ರಸ್ತೆಗೆ ಬಂದಾಗ

ಮರಳವಾಡಿ, ಹಾರೋಹಳ್ಳಿ, ಕನಕಪುರದ ಕಡೆಯಿಂದ ಬೆಂಗಳೂರಿಗೆ ಹೋಗುವವರಿಗೆ ಕಗ್ಗಲೀಪುರ, ತಲಘಟ್ಟಪುರಗಳನ್ನು ದಾಟಿದ ಮೇಲೆ ಸಿಗುವ ಕೋಣನಕುಂಟೆ ಇಂದು ಬಹುಮಹಡಿ ಕಟ್ಟಡಗಳ ನಡುವೆ ಮಹಾನಗರದಲ್ಲಿ ಕರಗಿಹೋದ ಬಡಾವಣೆಯಾಗಿದ್ದರೂ, 1991ರಲ್ಲಿ ಅದು ನಗರದ ಅಂಚಿನ ಹಳ್ಳಿಯಾಗಿತ್ತು. ಕುಂಟೆಯೆಂದರೆ ಮಳೆನೀರು ನಿಲ್ಲುವ ಪುಟ್ಟ ಕೆರೆ. ಅಂಥ ನೀರಿನ ಆಸರೆಯಿಂದ ಹೆಸರು ಪಡೆದ ಈ ನೆಮ್ಮದಿಯ ಊರಿನ ಬಾಡಿಗೆ ಮನೆಯೊಂದರಲ್ಲಿ ಆ ವರ್ಷ ದೇಶವೇ ಹುಡುಕುತ್ತಿದ್ದವರು ಅಡಗಿದ್ದರು.

1991ರ ಮೇ 21ರ ರಾತ್ರಿ ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯವರ ಕಾಲಿಗೆರಗುವಂತೆ ಬಾಗಿದ ಧನು ಎಂಬ ಯುವತಿ, ಸೊಂಟಕ್ಕೆ ಕಟ್ಟಿಕೊಂಡಿದ್ದ ಸ್ಫೋಟಕವನ್ನು ಸಿಡಿಸಿ ಅವರನ್ನೂ ಸುತ್ತಲಿದ್ದ ಹಲವರನ್ನೂ ಕೊಂದಳು. ತನ್ನ ದೇಹವನ್ನೇ ಆಯುಧವಾಗಿಸಿಕೊಂಡವರನ್ನು ಮಾನವ ಬಾಂಬ್ ಎನ್ನುತ್ತಾರೆ. ಶ್ರೀಲಂಕಾದಲ್ಲಿ ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಎಲ್‌ಟಿಟಿಇಯು ಸಾಯಲೆಂದೇ ಹೊರಡುವ ಇಂಥವರಿಗಾಗಿ ಕರಿಹುಲಿಗಳೆಂಬ ದಳವನ್ನೇ ಕಟ್ಟಿತ್ತು. 1987ರ ಜುಲೈ 5ರಂದು ನೆಲ್ಲಿಯಡಿಯ ಸೇನಾ ಶಿಬಿರಕ್ಕೆ ಸ್ಫೋಟಕ ತುಂಬಿದ ಲಾರಿಯನ್ನು ನುಗ್ಗಿಸಿದ ದಾಳಿಯಿಂದ ಆರಂಭವಾದ ಈ ಪರಂಪರೆ, 2001ರ ಜುಲೈ 24ರಂದು ಕೊಲಂಬೊ ಬಳಿಯ ಕಟುನಾಯಕೆ ವಿಮಾನ ನಿಲ್ದಾಣದಲ್ಲಿ ಯುದ್ಧವಿಮಾನಗಳನ್ನೂ ಪ್ರಯಾಣಿಕ ವಿಮಾನಗಳನ್ನೂ ಸುಟ್ಟುಹಾಕುವವರೆಗೂ ಬೆಳೆಯಿತು.

ಶ್ರೀಪೆರಂಬದೂರಿನ ಸಂಚನ್ನು ನಡೆಸಿದ ಒಕ್ಕಣ್ಣ ಶಿವರಾಸನ್ ಪತ್ತೆಯಾದದ್ದು ಒಂದು ಕ್ಯಾಮೆರಾದಿಂದ. ಛಾಯಾಗ್ರಾಹಕ ಹರಿಬಾಬು ಸ್ಫೋಟದಲ್ಲಿ ಸತ್ತರೂ ಕ್ಯಾಮೆರಾ ಹಾಳಾಗದೆ ಉಳಿದಿತ್ತು; ಅದರ ರೀಲಿನಲ್ಲಿ ಹಾರ ಹಿಡಿದು ನಿಂತ ಧನುವೂ ಪತ್ರಕರ್ತನಂತೆ ಬಿಳಿ ಉಡುಪು ತೊಟ್ಟ ಶಿವರಾಸನ್ನನೂ ಸೆರೆಯಾಗಿದ್ದರು. ಚಿತ್ರ ಎಲ್ಲೆಡೆ ಪ್ರಕಟವಾದ ಬಳಿಕ ಆತ ಸಂಗಡಿಗರಾದ ಶುಭಾ ಮತ್ತು ಇನ್ನೊಬ್ಬನೊಂದಿಗೆ ಟ್ಯಾಂಕರ್ ಲಾರಿಯೊಂದರಲ್ಲಿ ಅಡಗಿ ಬೆಂಗಳೂರು ಸೇರಿದ. ಆಗಸ್ಟ್ ಮಧ್ಯದಲ್ಲಿ ಮಂಡ್ಯ ಜಿಲ್ಲೆಯ ಮುತ್ತತ್ತಿಯೂ ಸೇರಿದಂತೆ ಎರಡು ಕಡೆ ಪೊಲೀಸರು ಸುತ್ತುವರಿದಾಗ ಅಲ್ಲಿದ್ದ ಹಲವರು ಸಯನೈಡ್ ನುಂಗಿದರು. ಎಲ್‌ಟಿಟಿಇಯ ಹುಲಿಗಳು ಕೊರಳಲ್ಲಿ ಕಟ್ಟಿಕೊಳ್ಳುತ್ತಿದ್ದ ಈ ವಿಷ ಗಾಜಿನ ಪುಟ್ಟ ಕೊಳವೆಯಲ್ಲಿರುತ್ತಿತ್ತು. ಕಚ್ಚಿದರೆ ಗಾಜಿನ ಚೂರು ವಸಡನ್ನು ಸೀಳಿ ವಿಷ ನೇರವಾಗಿ ರಕ್ತಕ್ಕಿಳಿಯುತ್ತಿತ್ತು.

ಕೋಣನಕುಂಟೆಯ ಮನೆಯ ಸುಳಿವು ಸಿಕ್ಕಿದ ಮೇಲೂ, ಒಳಗಿದ್ದವರನ್ನು ಜೀವಂತ ಹಿಡಿಯಬೇಕೆಂಬ ಉದ್ದೇಶದಿಂದ ಕಮಾಂಡೊಗಳು ಕಾದರು. ಡಿ.ಆರ್. ಕಾರ್ತಿಕೇಯನ್ ನೇತೃತ್ವದ ವಿಶೇಷ ತನಿಖಾ ದಳಕ್ಕೆ ಬೇಕಾಗಿದ್ದದ್ದು ಹೆಣವಲ್ಲ, ಹೇಳಿಕೆ. ಆಗಸ್ಟ್ 19ರ ಸಂಜೆ ಗುಂಡಿನ ಚಕಮಕಿ ನಡೆದು, ರಾಜೀವರ ಹುಟ್ಟುಹಬ್ಬವಾದ 20ರ ಬೆಳಗಿನ ಜಾವ ಬಾಗಿಲು ಒಡೆದು ನುಗ್ಗಿದಾಗ ಒಳಗಿದ್ದ ಏಳೂ ಜನ ಸತ್ತಿದ್ದರು; ಶಿವರಾಸನ್ ತಲೆಗೆ ಗುಂಡು ಹಾರಿಸಿಕೊಂಡಿದ್ದ. ಕಾಯುವುದು ಅನಿವಾರ್ಯವಾಗಿತ್ತೇ ಎಂಬ ವಾದ ಇನ್ನೂ ಮುಗಿದಿಲ್ಲವಾದರೂ, ಸಂಚನ್ನು ಬಲ್ಲ ಮುಖ್ಯ ಸಾಕ್ಷಿಯನ್ನು ದೇಶ ಆ ರಾತ್ರಿ ಕಳೆದುಕೊಂಡಿತೆಂಬುದು ನಿಜ. ನ್ಯಾಯಾಲಯದ ವಿಚಾರಣೆ ಬದುಕುಳಿದವರನ್ನಷ್ಟೇ ಎದುರಿಗಿಟ್ಟುಕೊಂಡು ನಡೆದು, 1999ರ ಮೇ 11ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪಿಗೆ ಬಂದು ನಿಂತಿತು.

2006ರಲ್ಲಿ ಎ.ಎಂ.ಆರ್. ರಮೇಶ್ ಇದೇ ಘಟನೆಯನ್ನು 'ಸಯನೈಡ್' ಚಿತ್ರವಾಗಿಸಿದರು. 2021ರ ಜನವರಿಯಿಂದ ಮೆಟ್ರೊದ ಹಸಿರು ಮಾರ್ಗ ಕೋಣನಕುಂಟೆ ಕ್ರಾಸ್ ದಾಟಿ ರೇಷ್ಮೆ ಸಂಸ್ಥೆಯವರೆಗೆ ಬರುತ್ತಿದ್ದು, ಕನಕಪುರದ ಕಡೆಯ ಬಸ್ಸಿನಿಂದಿಳಿದವರು ಅಲ್ಲಿ ರೈಲು ಹತ್ತುತ್ತಾರೆ.