ನಿಮಗಿದು ಗೊತ್ತೆ? ನಾಯಿಯಲ್ಲಿ ತದ್ರೂಪಿ ಮೊದಲು, ಪ್ರನಾಳ ಮರಿ ಆಮೇಲೆ!

ಮನುಷ್ಯರಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದ್ದು 1978ರಲ್ಲಿ. ನಾಯಿಯಲ್ಲಿ? 2015ರವರೆಗೆ ಕಾಯಬೇಕಾಯಿತು! ಆ ವರ್ಷ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಒಂದೇ ತಾಯಿಯ ಹೊಟ್ಟೆಯಿಂದ 7 ಮರಿ ಬಂದವು. ಮಜಾ ಎಂದರೆ, ದಕ್ಷಿಣ ಕೊರಿಯಾದ ತದ್ರೂಪಿ ನಾಯಿ ‘ಸ್ನಪ್ಪಿ’ ಹುಟ್ಟಿ ಅಷ್ಟರಲ್ಲಾಗಲೇ ಹತ್ತು ವರ್ಷವಾಗಿತ್ತು.

ತೊಡಕೆಲ್ಲ ಅಂಡದ್ದು. ಹೆಚ್ಚಿನ ಸಸ್ತನಿಗಳ ಅಂಡ ಹೊರಬೀಳುವಾಗಲೇ ಬಲಿತಿರುತ್ತದೆ. ನಾಯಿಯದ್ದು ಹಾಗಲ್ಲ. ಅದು ಎಳಸಾಗಿಯೇ ಹೊರಬಿದ್ದು, ಅಂಡನಾಳದಲ್ಲಿ ಎರಡು-ಮೂರು ದಿನ ಇದ್ದು ಬಲಿಯುತ್ತದೆ. ಬೀದಿನಾಯಿಗೂ ಇದೇ ಲೆಕ್ಕ, ಮುಧೋಳ ನಾಯಿಗೂ ಇದೇ. ಕಾರ್ನೆಲ್ ತಂಡ ಅಂಡವನ್ನು ನಾಳದಲ್ಲೇ ಇನ್ನೊಂದು ದಿನ ಬಿಟ್ಟಿತು, ಪ್ರಯೋಗಾಲಯದ ದ್ರಾವಣಕ್ಕೆ ಮೆಗ್ನೀಸಿಯಂ ಬೆರೆಸಿತು. ಕೆಲಸ ಕೈಗೂಡಿತು.

ಬೆಕ್ಕಿನ ದಾರಿಯೇ ಬೇರೆ. ಗಂಡು ಕೂಡದ ಹೊರತು ಅದರ ಅಂಡ ಸಾಮಾನ್ಯವಾಗಿ ಹೊರಬೀಳುವುದೇ ಇಲ್ಲ!

ಮತ್ತೆ ನಾಯಿಯ ವಿಷಯಕ್ಕೆ ಬಂದರೆ, ನಮ್ಮ ಬೀದರ್‌ನಲ್ಲೇ ಕೇಂದ್ರ ಕಚೇರಿ ಇರುವ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಮುಧೋಳ ತಳಿಗೆಂದೇ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತಿದೆ.

ಮನೆಯ ನಾಯಿಗೆ ಜೋಡಿ ಮಾಡಿಸುವವರು ಬೆದೆಯ ದಿನ ಎಣಿಸಿ ಮೋಸ ಹೋಗುವುದೇ ಹೆಚ್ಚು. ಸರಿಯಾದ ಹೊತ್ತು ತಿಳಿಯಲು ರಕ್ತದ ಪ್ರೊಜೆಸ್ಟರಾನ್ ಪರೀಕ್ಷೆ ಇದೆ, ಪಶುವೈದ್ಯರನ್ನು ಕೇಳಿ.