ಒಂದು ತಗಡು, ನಲವತ್ತೆಂಟು ತುಂಡು

"ತ್ರಾಪಿಜ್ಯದ ವಿಸ್ತೀರ್ಣ ಕಲಿತು ಏನಾಗಬೇಕು?" ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಕೂತ ಮಗಳೋ ಮಗನೋ ನಿಮ್ಮನ್ನು ಒಮ್ಮೆಯಾದರೂ ಹೀಗೆ ಕೇಳಿರಬಹುದು. "ಪರೀಕ್ಷೆಗೆ ಬರುತ್ತದೆ, ಕಲಿ" ಎಂದು ನೀವೂ ಹೇಳಿರಬಹುದು. ಮುಂದಿನ ಸಲ ಕೇಳಿದರೆ ಬೇರೊಂದು ಉತ್ತರ ಕೊಡಿ: "ವಿಮಾನ ಕಟ್ಟುವುದಕ್ಕೆ ಬೇಕಾಗುತ್ತದೆ."

ಇದು ತಮಾಷೆಯ ಮಾತಲ್ಲ. ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ಪುಟ್ಟ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳಿದ್ದಾರೆ. ಅದಕ್ಕೆ ಅಲ್ಲಿನ ಕಾನೂನು ಒಪ್ಪುತ್ತದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಕಲಿಕೆಗಾಗಿ ಅಥವಾ ಆಸಕ್ತಿಗಾಗಿ ಮಾಡಿರಬೇಕು ಎಂಬುದು ಷರತ್ತು. ವಿಸ್ಕಾನ್ಸಿನ್ ರಾಜ್ಯದಲ್ಲಿ 1953ರಲ್ಲಿ ಇಂಥವರದೇ ಒಂದು ಸಂಘ ಹುಟ್ಟಿತು. ಅದೇ ರಾಜ್ಯದ ಆಷ್ಕಾಷ್ ಊರಿನಲ್ಲಿ ಅವರ ವಾರ್ಷಿಕ ಮೇಳ ನಡೆಯುತ್ತದೆ. ಕ್ರಿಸ್ ಹೈಂಟ್ಜ್ ರೂಪಿಸಿದ ಜೆನಿತ್ ವಿಮಾನಗಳಂಥವನ್ನು ಕೆಲವರು ಬರೀ ನಕ್ಷೆ ತರಿಸಿಕೊಂಡು, ಅಲ್ಯೂಮಿನಿಯಂ ತಗಡು ಕೊಂಡು, ತಾವೇ ಕತ್ತರಿಸಿ ಮಡಿಸಿ ಕಟ್ಟುತ್ತಾರೆ.

ಅವರ ಮುಂದಿರುವ ಮೊದಲ ಪ್ರಶ್ನೆ ನಿಮ್ಮೂರಿನ ಟೈಲರ್ ಮುಂದಿರುವುದೇ: ಈ ಬಟ್ಟೆಯಲ್ಲಿ ಎಷ್ಟು ರವಿಕೆ ಬರುತ್ತದೆ?

ಮೊದಲು ಕಾಗದ, ಆಮೇಲೆ ಕತ್ತರಿ

ಸಾಮಾನ್ಯವಾಗಿ ಸಿಗುವ ವಿಮಾನದ ತಗಡು 4 ಅಡಿ ಅಗಲ, 12 ಅಡಿ ಉದ್ದ. ಅಂದರೆ ಸುಮಾರು 122 ಸೆಂ.ಮೀ. ಮತ್ತು 366 ಸೆಂ.ಮೀ. ದಪ್ಪ 0.64 ಮಿ.ಮೀ. ಇದ್ದರೆ ಇಡೀ ತಗಡಿನ ತೂಕ ಏಳೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು. ನೋಡಲು ಹಗುರ, ಬೆಲೆಯಲ್ಲಿ ಹಗುರವಲ್ಲ. ಒಮ್ಮೆ ತಪ್ಪಾಗಿ ಕತ್ತರಿಸಿದರೆ ಹೊಲಿದು ಸೇರಿಸುವಂತಿಲ್ಲ.

ಆದ್ದರಿಂದ ಬಲ್ಲವರು ಮೊದಲು ತುಂಡುಗಳ ಪಟ್ಟಿ ಮಾಡುತ್ತಾರೆ. ಒಂದೇ ದಪ್ಪದವನ್ನು ಒಟ್ಟಿಗೆ ಬರೆಯುತ್ತಾರೆ, ಏಕೆಂದರೆ 0.4 ಮಿ.ಮೀ. ಇರಬೇಕಾದದ್ದನ್ನು 0.64ರ ತಗಡಿನಲ್ಲಿ ಕತ್ತರಿಸುವಂತಿಲ್ಲ. ಆಮೇಲೆ ಪ್ರತಿ ತುಂಡನ್ನೂ ಅಳತೆಗೆ ತಕ್ಕಂತೆ ಕಾಗದದಲ್ಲಿ ಚಿಕ್ಕದಾಗಿ ಕತ್ತರಿಸಿ, ತಗಡಿನ ಚಿತ್ರದ ಮೇಲೆ ಜೋಡಿಸಿ ನೋಡುತ್ತಾರೆ. ಉದ್ದನೆಯ ತುಂಡುಗಳಿಗೆ ಮೊದಲ ಜಾಗ, ಸಣ್ಣವಕ್ಕೆ ಉಳಿದ ಸಂದು. ತಿರುವುಮುರುವಾಗಿ ಮಾಡಿದರೆ ವಿಸ್ತೀರ್ಣ ಸಾಕಷ್ಟು ಉಳಿದಿದ್ದರೂ ಎರಡು ಮೀಟರಿನ ಪಟ್ಟಿಗೆ ಜಾಗವೇ ಇರುವುದಿಲ್ಲ.

ತಲೆಕೆಳಗು ಮಾಡಿದಾಗ

ಈಗ ತ್ರಾಪಿಜ್ಯಕ್ಕೆ ಬರೋಣ. ರೆಕ್ಕೆಯ ಒಳಗೆ ಪಕ್ಕೆಲುಬಿನಂತೆ ಸಾಲಾಗಿ ನಿಲ್ಲುವ ತುಂಡುಗಳಿಗೆ ರಿಬ್ ಎನ್ನುತ್ತಾರೆ. ಮುಂದೆ ಅಗಲ, ಹಿಂದೆ ಕಿರಿದು. ನಿಜವಾದ ರಿಬ್‌ನ ಅಂಚು ಬಾಗಿರುತ್ತದೆ. ಲೆಕ್ಕಕ್ಕಾಗಿ ನೇರ ಅಂಚೆಂದೇ ಇಟ್ಟುಕೊಳ್ಳಿ. ಉದ್ದ 60 ಸೆಂ.ಮೀ., ಒಂದು ತುದಿ 20, ಇನ್ನೊಂದು ತುದಿ 10, ಒಂದು ಬದಿ ಎರಡೂ ತುದಿಗಳಿಗೆ ಲಂಬ.

ಇದನ್ನು ತಗಡಿನ ಅಗಲಕ್ಕೆ ಅಡ್ಡವಾಗಿ ಇಡಿ. 122ರಲ್ಲಿ ಎರಡು 60 ಹಿಡಿಯುತ್ತವೆ, ಅಂದರೆ ಎರಡು ಸಾಲು. ಎಲ್ಲವನ್ನೂ ಒಂದೇ ಮುಖವಾಗಿ, ಪ್ರತಿಯೊಂದಕ್ಕೂ 20 ಸೆಂ.ಮೀ. ಬಿಟ್ಟು ಇಟ್ಟರೆ ಸಾಲಿಗೆ 18, ಒಟ್ಟು 36. ಒಂದರ ವಿಸ್ತೀರ್ಣ 20 ಮತ್ತು 10ರ ಮೊತ್ತದ ಅರ್ಧ ಗುಣಿಸು 60, ಅಂದರೆ 900 ಚದರ ಸೆಂ.ಮೀ. ಮೂವತ್ತಾರಕ್ಕೆ 32,400. ಇಡೀ ತಗಡು 44,652. ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಚೂರಾಗಿ ಹೋಯಿತು.

ಈಗ ಒಂದು ಬಿಟ್ಟು ಒಂದನ್ನು ಅರ್ಧ ಸುತ್ತು ತಿರುಗಿಸಿ. ಒಂದರ ಅಗಲ ತುದಿಯ ಪಕ್ಕ ಇನ್ನೊಂದರ ಕಿರಿದಾದ ತುದಿ ಕೂತು, ಜೋಡಿ ಸೇರಿ 30 ಸೆಂ.ಮೀ. ಅಗಲದ ಆಯತವಾಗುತ್ತದೆ. 366ರಲ್ಲಿ 12 ಜೋಡಿ, ಸಾಲಿಗೆ 24, ಒಟ್ಟು 48. ಸುಮಾರು ಶೇ. 97ರಷ್ಟು ತಗಡು ಬಳಕೆಯಾಯಿತು. ಹೊಸದಾಗಿ ಒಂದು ರೂಪಾಯಿಯೂ ಹಾಕದೆ 12 ತುಂಡು ಹೆಚ್ಚು ಬಂದವು. ಮಿಕ್ಕ ಜಾಗ ಕತ್ತರಿ ಆಡುವ ಸಂದಿಗೆ ಸಾಕು.

ಲೆಕ್ಕ ಸರಿ, ಕೆಲಸ ತಪ್ಪು

ಇಲ್ಲಿಗೇ ನಿಲ್ಲಬೇಡಿ. ಅದೇ ರಿಬ್‌ಗಳನ್ನು ತಗಡಿನ ಉದ್ದಕ್ಕೆ ಮಲಗಿಸಿದರೂ 48 ಬರುತ್ತವೆ: ಅಗಲದಲ್ಲಿ ಎಂಟು, ಉದ್ದದಲ್ಲಿ ಆರು ಸಾಲು. ಹಾಗಾದರೆ ಹೇಗಿಟ್ಟರೂ ಒಂದೇ ಅಲ್ಲವೇ? ಅಲ್ಲ.

ಕಾರ್ಖಾನೆಯಲ್ಲಿ ರೋಲರುಗಳ ನಡುವೆ ಎಳೆದು ತಗಡು ಮಾಡುವಾಗ ಲೋಹಕ್ಕೆ ಒಂದು ಎಳೆ ಬರುತ್ತದೆ. ಸಾಮಾನ್ಯವಾಗಿ ಅದು ತಗಡಿನ ಉದ್ದಕ್ಕೇ ಇರುತ್ತದೆ. ಎಳೆಗೆ ಅಡ್ಡವಾಗಿ ಮಡಿಸಿದರೆ ಮಡಿಕೆ ಗಟ್ಟಿ. ಎಳೆಯ ಗುಂಟ ಮಡಿಸಿದರೆ ಬಿರುಕು ಬಿಡುವ ಭಯ ಹೆಚ್ಚು. ರಿಬ್‌ನ ಮಡಿಕೆ ಅದರ ಉದ್ದಕ್ಕೇ ಬರುವುದರಿಂದ, ತಗಡಿಗೆ ಅಡ್ಡವಾಗಿಟ್ಟ ಮೊದಲ ಜೋಡಣೆಯೇ ಮೇಲು. ಅರ್ಧ ಸುತ್ತು ತಿರುಗಿಸಿದರೆ ಎಳೆಯ ದಿಕ್ಕು ಬದಲಾಗುವುದಿಲ್ಲ, ಕಾಲು ಸುತ್ತು ತಿರುಗಿಸಿದರೆ ಬದಲಾಗುತ್ತದೆ. 180 ಡಿಗ್ರಿಗೂ 90 ಡಿಗ್ರಿಗೂ ಇರುವ ವ್ಯತ್ಯಾಸ ಇಲ್ಲಿ ಬರೀ ಅಂಕದ ಮಾತಲ್ಲ, ಆಕಾಶದಲ್ಲಿರುವವನ ಜೀವದ ಮಾತು.

ಮಡಿಕೆಯಲ್ಲಿ ಇನ್ನೊಂದು ಗುಟ್ಟಿದೆ. ನಡುವೆ 200 ಮಿ.ಮೀ., ಎರಡೂ ಬದಿಗೆ 20 ಮಿ.ಮೀ. ಮಡಿಕೆ ಇರುವ ತುಂಡಿಗೆ ಎಷ್ಟು ಅಗಲದ ತಗಡು ಬೇಕು? 240 ಎನ್ನುತ್ತೇವೆ. ಆದರೆ 0.6 ಮಿ.ಮೀ. ತಗಡನ್ನು 3 ಮಿ.ಮೀ. ತ್ರಿಜ್ಯಕ್ಕೆ ಬಾಗಿಸಿದರೆ ಬೇಕಾಗುವುದು ಸುಮಾರು 236 ಮಾತ್ರ. ಗದ್ದೆಯ ಮೂಲೆಯವರೆಗೂ ಹೋಗದೆ ಬಳಸಿಕೊಂಡು ತಿರುಗಿದವನಿಗೆ ನಡಿಗೆ ಕಡಿಮೆಯಾಗುವಂತೆ, ತಗಡೂ ಮೂಲೆಯನ್ನು ದುಂಡಗೆ ಹಾಯುತ್ತದೆ. ಆ ನಾಲ್ಕು ಮಿಲಿಮೀಟರನ್ನು ಮರೆತರೆ ರಿವೆಟ್ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ. ತೂತಿನ ನಡುವಿನಿಂದ ಅಂಚಿಗೆ ರಿವೆಟ್‌ನ ವ್ಯಾಸದ ಎರಡರಷ್ಟಾದರೂ ಲೋಹ ಉಳಿದಿರಬೇಕು ಎಂಬುದು ಈ ಕೆಲಸದ ನಿಯಮ.

ಗೆರೆ ಎಳೆಯುವುದರಲ್ಲೂ ಎಚ್ಚರ ಬೇಕು. ಮೊಳೆಯಿಂದ ಗೀಚುವಂತಿಲ್ಲ, ಗೀರು ಇದ್ದಲ್ಲೇ ಬಿರುಕು ಹುಟ್ಟುತ್ತದೆ. ಪೆನ್ಸಿಲ್ ಕೂಡ ಬೇಡ, ಅದರ ಗ್ರಾಫೈಟ್ ಅಲ್ಯೂಮಿನಿಯಂ ತಿನ್ನಲು ದಾರಿ ಮಾಡುತ್ತದೆ. ಸಣ್ಣ ಮೊನೆಯ ಮಾರ್ಕರ್ ಪೆನ್ ಸಾಕು. ಪ್ರತಿ ತುಂಡಿನ ಮೇಲೂ ಅದರ ಹೆಸರು, ಎಡ ರೆಕ್ಕೆಯದೋ ಬಲ ರೆಕ್ಕೆಯದೋ ಎಂಬುದನ್ನು ಬರೆಯಬೇಕು. ಇಲ್ಲದಿದ್ದರೆ ಎರಡನ್ನೂ ಒಂದೇ ಬದಿಗೆ ಮಡಿಸಿ, ಎರಡು ಎಡಗಾಲ ಚಪ್ಪಲಿಯಂತಾದೀತು. ಉಳಿದ ಚೂರುಗಳನ್ನೂ ದಪ್ಪ ಬರೆದು ಎತ್ತಿಡುತ್ತಾರೆ. ಮಡಿಸುವ ಅಭ್ಯಾಸಕ್ಕೆ ಅವೇ ಬೇಕು.

ಭಾನುವಾರದ ಆಟ

ವಿಮಾನದ ಮಾತು ಗಡಿಯ ನಮಗೆ ತೀರಾ ದೂರದ್ದೂ ಅಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದ ವಾಲಚಂದ್ ಹೀರಾಚಂದ್ ಹುಟ್ಟಿದ್ದು ಸೊಲ್ಲಾಪುರದಲ್ಲಿ.

ನಿಮ್ಮ ಮನೆಯಲ್ಲಿ ತಗಡು ಬೇಡ, ಹಳೆಯ ಕ್ಯಾಲೆಂಡರ್ ಹಾಳೆ ಸಾಕು. 12.2 ಸೆಂ.ಮೀ. ಅಗಲ, 36.6 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿಕೊಡಿ. ಇದು ನಿಜವಾದ ತಗಡಿನ ಹತ್ತನೇ ಒಂದರ ಅಳತೆ. ರಟ್ಟಿನಲ್ಲಿ 6 ಸೆಂ.ಮೀ. ಉದ್ದ, ತುದಿಗಳು 2 ಮತ್ತು 1 ಸೆಂ.ಮೀ. ಇರುವ ಒಂದು ಅಚ್ಚು ಮಾಡಿಸಿ. "ಇದರಲ್ಲಿ ಎಷ್ಟು ಬರುತ್ತವೆ?" ಎಂದು ಕೇಳಿ ಸುಮ್ಮನಿರಿ. 36 ಎಂದರೆ ತಪ್ಪೆನ್ನಬೇಡಿ, "ಇನ್ನೂ ಒಂದಾದರೂ ಹಿಡಿಯುತ್ತದಾ ನೋಡು" ಎನ್ನಿ. ನೀವು ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಓದಿದವರಾದರೂ ಚಿಂತೆಯಿಲ್ಲ. ತ್ರಾಪಿಜ್ಯ, ಆಯತ, ಲಂಬ, ತ್ರಿಜ್ಯ ಎಂಬ ಹೆಸರುಗಳನ್ನು ಮಗುವೇ ನಿಮಗೆ ಹೇಳಿಕೊಡಲಿ. ಹೇಳಿಕೊಟ್ಟದ್ದು ಮರೆಯುವುದಿಲ್ಲ.

48 ಸಿಕ್ಕ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಅದೇ ಅಳತೆಯ ಇನ್ನೊಂದು ಹಾಳೆಯಲ್ಲಿ ಮೊದಲು 36 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಒಂದು ಪಟ್ಟಿ ತೆಗೆಯಲೇಬೇಕು ಎಂದಾದರೆ ಉಳಿದದ್ದರಲ್ಲಿ ಎಷ್ಟು ಬರುತ್ತವೆ? ಎಳೆಯ ದಿಕ್ಕನ್ನು ಕಾಪಾಡಿದರೆ ಎಷ್ಟು, ಬಿಟ್ಟುಕೊಟ್ಟರೆ ಎಷ್ಟು? ಉತ್ತರ ಇಲ್ಲಿ ಕೊಡುವುದಿಲ್ಲ. ಕತ್ತರಿ ಮಗುವಿನ ಕೈಯಲ್ಲಿದೆ.